ಮುಂದೆ ಚೆಂದ, ಹಿಂದೆ ಜೇಡರ ಬಲೆ: ಹಳೇ ಕಾಲದ ಎರಡು ಬದಿಯ ಕಸೂತಿ ಹಾಕುವುದು ಹೇಗೆ?

ಸೂಜಿಮಲ್ಲಿಗೆ
ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷದಿಂದ ಕ್ರಾಸ್ ಸ್ಟಿಚ್ ಹಾಕುತ್ತಿದ್ದೇನೆ. ಈಗ ಬ್ಲ್ಯಾಕ್‌ವರ್ಕ್ ಹುಚ್ಚು ಹಿಡಿದಿದೆ. 16ನೇ ಶತಮಾನದ ಇಂಗ್ಲೆಂಡಿನಲ್ಲಿ ಬಿಳಿ ಲಿನನ್ ಅಂಗಿಗಳ ಕಾಲರಿಗೆ, ತೋಳಿನ ಅಂಚಿಗೆ ಕಪ್ಪು ರೇಷ್ಮೆಯಲ್ಲಿ ಹಾಕುತ್ತಿದ್ದರಲ್ಲ, ಅದು. ಹಾನ್ಸ್ ಹೋಲ್ಬೈನ್ ಬರೆದ ಜೇನ್ ಸೀಮೋರ್ ರಾಣಿಯ ಚಿತ್ರದಲ್ಲಿ ಮುಂಗೈ ಹತ್ತಿರದ ನೆರಿಗೆ ನೋಡಿದ್ದೇ ತಪ್ಪಾಯಿತು. ಹೊಲಿಗೆ ಎಣಿಸಬಹುದು ಅನ್ನುವ ಹಾಗೆ ಬರೆದಿದ್ದಾನೆ ಪುಣ್ಯಾತ್ಮ.

ಅಂಥದ್ದೇ ಒಂದು ಬಾರ್ಡರ್ ಮಾಡೋಣ ಅಂತ ಕೂತೆ. ಸಣ್ಣ ಸಣ್ಣ ವಜ್ರಗಳ ಸಾಲು, ಒಂದರ ಮೂಲೆ ಇನ್ನೊಂದಕ್ಕೆ ತಾಗಿರುವ ಹಾಗೆ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟಿದ್ದನ್ನು ತುಂಬುವುದು, ಇಷ್ಟೇ ತಾನೆ ಅಂದುಕೊಂಡೆ. ಹೋಗುವಾಗ ಪ್ರತಿ ವಜ್ರದ ಮೇಲಿನ ಅಂಚು ಹಿಡಿದು ಹೋದೆ, ಬರುವಾಗ ಕೆಳಗಿನ ಅಂಚು ಹಿಡಿದು ಬಂದೆ. ಕೊನೆಗೆ ನೋಡಿದರೆ ಮೇಲೂ ಅರ್ಧ, ಕೆಳಗೂ ಅರ್ಧ! ಹಲ್ಲು ಬಿದ್ದ ಬಾಯಿ ಥರ. ಖಾಲಿ ಜಾಗಗಳನ್ನು ಸೂಜಿ ಹಾರಿಸಿ ಹಾರಿಸಿ ತುಂಬಿದೆ. ಮುಂದೆ ಪರವಾಗಿಲ್ಲ. ತಿರುಗಿಸಿದರೆ ಜೇಡರ ಬಲೆ.

ನಾನು ಎಡವಿದ್ದು ಎಲ್ಲಿ? ಇನ್ನೊಂದು, ಹಿಂಬದಿ ನೀಟಾಗಿ ಇರಲೇಬೇಕಾ? ಫ್ರೇಮ್ ಹಾಕಿ ಗೋಡೆಗೆ ತಗುಲಿಸಿದ ಮೇಲೆ ಯಾರು ನೋಡುತ್ತಾರೆ?

ಚುಚ್ಚುಮದ್ದು
ಯಾರೂ ನೋಡುವುದಿಲ್ಲ. ಹಿಂದೆ ಒಂದು ಕಾಗದ ಅಂಟಿಸಿ, ಮುಗಿಯಿತು. ಮುಂದಿನ ಪ್ರಶ್ನೆ.

ಹಳೇಪೆಟ್ಟಿಗೆ
ಚುಚ್ಚುಮದ್ದು ಅವರ ಮಾತು ಗೋಡೆಗೆ ಸರಿ, ಬಟ್ಟೆಗೆ ಅಲ್ಲ. ಆ ಕಾಲದಲ್ಲಿ ಈ ಕಸೂತಿ ಇದ್ದದ್ದು ಎಲ್ಲಿ? ಕೊರಳ ಸುತ್ತಿನ ನೆರಿಗೆ, ಮುಂಗೈ ನೆರಿಗೆ. ಕೈ ಅಲ್ಲಾಡಿಸಿದರೆ ಒಳಬದಿಯೂ ಕಾಣುತ್ತದೆ. ಅದಕ್ಕೇ ಎರಡೂ ಕಡೆ ಒಂದೇ ಥರ ಕಾಣುವ ಹೊಲಿಗೆ ಬೇಕಾಯಿತು. ಆ ಹೊಲಿಗೆಗೆ ಈಗ ಹೋಲ್ಬೈನ್ ಹೊಲಿಗೆ ಅಂತಲೇ ಹೆಸರು. ಪಾಪ, ಆತ ಬಣ್ಣದಲ್ಲಿ ಬರೆದದ್ದಷ್ಟೇ. ಸೂಜಿ ಹಿಡಿದವರ ಹೆಸರು ಎಲ್ಲಿಯೂ ಇಲ್ಲ.

ಕಾಲರ್ ಮಾಡುತ್ತೀರಾದರೆ ಹಿಂಬದಿ ನೀಟಾಗಿರಬೇಕು. ಫ್ರೇಮ್ ಆದರೆ ನಿಮ್ಮಿಷ್ಟ.

ಎಳೆಎಣಿಕೆ
ಇದು ನಮ್ಮ ಕಸೂತಿಯ ಗವಂತಿ ಹೊಲಿಗೆ ಕಣ್ರೀ! ಧಾರವಾಡದ ಕಡೆ ಕಸೂತಿ ಹಾಕುವವರಿಗೆ ನೀವು ಹೇಳಿದ ಹಲ್ಲು ಬಿದ್ದ ಬಾಯಿ ಚೆನ್ನಾಗಿ ಗೊತ್ತು. ಎಲ್ಲರೂ ಒಂದು ಸಲ ಅದೇ ತಪ್ಪು ಮಾಡಿಯೇ ಕಲಿತಿರುವುದು.

ನೋಡಿ, ತಪ್ಪಿದ್ದು ಇಲ್ಲಿ. ಹೋದ ದಾರಿಯಲ್ಲೇ ವಾಪಸ್ ಬರಬೇಕು. ನೀವು ಹೋಗಿದ್ದು ಒಂದು ದಾರಿ, ಬಂದಿದ್ದು ಇನ್ನೊಂದು ದಾರಿ. ಎರಡರಲ್ಲೂ ಒಂದೊಂದೇ ಸಲ ಓಡಾಡಿದ ಹಾಗಾಯಿತು. ಪ್ರತಿ ಗೆರೆಯ ಮೇಲೂ ಎರಡು ಸಲ ಓಡಾಡಬೇಕು.

ವಜ್ರ ಬಂದಾಗ ಹೀಗೆ ಮಾಡಿ. ಮೇಲಿನ ಅಂಚು ದೊಡ್ಡ ರಸ್ತೆ ಅಂದುಕೊಳ್ಳಿ, ಕೆಳಗಿನ ಅಂಚು ಗಲ್ಲಿ. ವಜ್ರದ ಎಡ ಮೂಲೆಗೆ ಬಂದಿರಿ. ಮೊದಲು ಕೆಳಗಿನ ಗಲ್ಲಿಗೆ ಇಳಿಯಿರಿ. ಒಂದು ಬಿಟ್ಟು ಒಂದು ಹಾಕುತ್ತಾ ಬಲ ಮೂಲೆ ಮುಟ್ಟಿ. ಅಲ್ಲಿಂದ ಮುಂದೆ ಹೋಗುವ ಆಸೆ ಆಗುತ್ತದೆ, ಹೋಗಬೇಡಿ! ತಿರುಗಿ, ಬಿಟ್ಟಿದ್ದನ್ನು ತುಂಬುತ್ತಾ ಎಡ ಮೂಲೆಗೇ ಬನ್ನಿ. ಗಲ್ಲಿಯ ಲೆಕ್ಕ ಅಲ್ಲಿಗೆ ಚುಕ್ತಾ. ಈಗ ದೊಡ್ಡ ರಸ್ತೆ ಹಿಡಿದು ಮುಂದಿನ ವಜ್ರಕ್ಕೆ ಹೋಗಿ. ಕೊನೆ ಮುಟ್ಟಿ ವಾಪಸ್ ಬರುವಾಗ ದೊಡ್ಡ ರಸ್ತೆ ಮಾತ್ರ ಬಾಕಿ ಇರುತ್ತದೆ.

ಸೂಜಿಮಲ್ಲಿಗೆ
ಅಯ್ಯೋ, ಇಷ್ಟೇನಾ! ಎರಡು ವಾರ ತಲೆ ಕೆಡಿಸಿಕೊಂಡಿದ್ದೆ.

ಲೆಕ್ಕದಮೇಷ್ಟ್ರು
ಎಳೆಎಣಿಕೆ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಯಾಕೆ ಸರಿ ಅಂತ ನಾನು ಹೇಳದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ.

ಸೂಜಿ ಒಮ್ಮೆ ಮುಂದೆ, ಒಮ್ಮೆ ಹಿಂದೆ ಹೊಲಿಗೆ ಬಿಡುತ್ತದೆ. ಅಂದರೆ ಬೆಸ ಹೆಜ್ಜೆ ಮುಂದೆ, ಸಮ ಹೆಜ್ಜೆ ಹಿಂದೆ. ಒಂದು ಗೆರೆ ಎರಡೂ ಬದಿ ತುಂಬಬೇಕಾದರೆ ಒಂದು ಸಲ ಬೆಸ ಹೆಜ್ಜೆಯಲ್ಲಿ, ಇನ್ನೊಂದು ಸಲ ಸಮ ಹೆಜ್ಜೆಯಲ್ಲಿ ಅದರ ಮೇಲೆ ಹೋಗಬೇಕು. ಈಗ ಒಂದು ಗೆರೆ ದಾಟಿ ಮುಂದೆ ಹೋಗಿ, ಅಲ್ಲಿರುವ ಗಲ್ಲಿಗಳನ್ನೆಲ್ಲ ಹೋಗಿ ಬಂದು ಮುಗಿಸಿ, ಅದೇ ಗೆರೆಗೆ ವಾಪಸ್ ಬಂದಿರಿ ಅಂತಿಟ್ಟುಕೊಳ್ಳಿ. ನಡುವೆ ಹಾಕಿದ ಹೊಲಿಗೆ ಎಷ್ಟು? ಪ್ರತಿಯೊಂದೂ ಎರಡೆರಡು ಸಲ, ಹಾಗಾಗಿ ಯಾವಾಗಲೂ ಸಮಸಂಖ್ಯೆ. ಆದ್ದರಿಂದ ಹೋಗುವಾಗ ಬೆಸ ಇದ್ದರೆ ಬರುವಾಗ ಸಮ ಬಂದೇ ಬರುತ್ತದೆ. ಮಾದರಿ ಎಷ್ಟೇ ಸಿಕ್ಕುಸಿಕ್ಕಾಗಿರಲಿ, ಎಲ್ಲೂ ತುಂಡಾಗದೆ ಒಂದಕ್ಕೊಂದು ಸೇರಿಕೊಂಡಿದ್ದರೆ ಒಂದೇ ದಾರದಲ್ಲಿ ಎರಡೂ ಬದಿ ಮುಗಿಸಬಹುದು. ಸೂತ್ರ ಎಲ್ಲಾ ಬೇಡ, ಗಲ್ಲಿ ಸಾಕು.

ಬೇಕಾದರೆ ಒಂದು ತಮಾಷೆ ಮಾಡಿ ನೋಡಿ. ನಾಲ್ಕು ಹೊಲಿಗೆಯ ಚೌಕವನ್ನು ಒಂದೇ ದಿಕ್ಕಿನಲ್ಲಿ ಎರಡು ಸುತ್ತು ಹಾಕಿ. ಹಾಕಿದ್ದರ ಮೇಲೇ ಮತ್ತೆ ಹಾಕುತ್ತೀರಿ, ಖಾಲಿ ಜಾಗ ಖಾಲಿಯೇ ಇರುತ್ತದೆ. ಮೂರು ಹೊಲಿಗೆಯ ತ್ರಿಕೋನಕ್ಕೆ ಅದೇ ಮಾಡಿ. ಸರಿ ಹೋಗುತ್ತದೆ!

ಚುಚ್ಚುಮದ್ದು
ಮೇಷ್ಟ್ರೇ, ಬಿಡುವು ಸಿಗಲಿ ಅಂತ ಹೊಲಿಗೆ ಹಿಡಿದೆವು. ಇಲ್ಲಿಗೂ ಸಮ ಬೆಸ ತಂದಿರಲ್ಲ.

ಲೆಕ್ಕದಮೇಷ್ಟ್ರು
ಎಳೆ ಎಣಿಸುವಾಗ ಏನು ಮಾಡುತ್ತಿದ್ದೀರಿ ಅಂದುಕೊಂಡಿರಿ ಮತ್ತೆ?

ರಾತ್ರಿಹೊಲಿಗೆ
ಬ್ಲ್ಯಾಕ್‌ವರ್ಕ್ ಅನ್ನುವುದು ನಮ್ಮ ಕಸೂತಿಯಿಂದಲೇ ಅವರು ಕದ್ದಿದ್ದು ಅಂತ ಎಲ್ಲೋ ಓದಿದ್ದೆ. ಹೌದಾ?

ಹಳೇಪೆಟ್ಟಿಗೆ
ಹಾಗೆ ಹೇಳಿದವರು ಪುರಾವೆ ಕೊಟ್ಟಿದ್ದರಾ? ಇಂಗ್ಲೆಂಡಿನಲ್ಲಿ ಇದಕ್ಕೆ ಸ್ಪ್ಯಾನಿಷ್ ಕೆಲಸ ಅಂತಲೂ ಹೆಸರಿತ್ತು. 1501ರಲ್ಲಿ ಸ್ಪೇನಿನಿಂದ ಬಂದ ಕ್ಯಾಥರೀನ್ ಆಫ್ ಅರಗಾನ್ ಜೊತೆಗೇ ಬಂತು ಅನ್ನುವ ಕಥೆಯೂ ಇದೆ. ಅದೂ ಪೂರ್ತಿ ಸರಿಯಲ್ಲ, ಆಕೆಗೂ ಮೊದಲೇ ಅಲ್ಲಿ ಕಪ್ಪು ದಾರದ ಕಸೂತಿ ಇತ್ತು. ಅಡ್ಡ ಉದ್ದ ಎಳೆ ಎಣಿಸಬಹುದಾದ ಬಟ್ಟೆ, ಒಂದು ಸೂಜಿ, ಎರಡೂ ಬದಿ ಕಾಣುವ ಅಂಚು. ಈ ಮೂರು ಇದ್ದ ಕಡೆಯೆಲ್ಲ ಯಾರೋ ಒಬ್ಬರಿಗೆ ಈ ಉಪಾಯ ಹೊಳೆದೇ ಹೊಳೆಯುತ್ತದೆ. ಕದಿಯಬೇಕಾಗಿಯೇ ಇಲ್ಲ.

ಎಳೆಎಣಿಕೆ
ಒಪ್ಪಿದೆ. ಆದರೆ ನಮ್ಮದರಲ್ಲಿ ಗವಂತಿ ಒಂದೇ ಅಲ್ಲ. ನಾಲ್ಕು ಹೊಲಿಗೆ ಇವೆ. ಗವಂತಿ ನೇರ ಗೆರೆ, ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಹೋಗುವುದು. ಇವೆರಡೂ ಎರಡು ಬದಿ ಒಂದೇ ಥರ. ನೇಗಿ ನೇಯ್ದ ಹಾಗೆ ಕಾಣುತ್ತದೆ, ಹೆಸರೇ ಹೇಳುತ್ತದಲ್ಲ. ಅದರಲ್ಲಿ ಮುಂದೆ ದಾರ ಇದ್ದಲ್ಲಿ ಹಿಂದೆ ಇರುವುದಿಲ್ಲ, ಹಿಂದೆ ಇದ್ದಲ್ಲಿ ಮುಂದೆ ಇರುವುದಿಲ್ಲ. ಫೋಟೋದ ನೆಗೆಟಿವ್ ಇದ್ದ ಹಾಗೆ. ಮೆಂತಿ ಅಂದರೆ ನಿಮ್ಮ ಕ್ರಾಸ್ ಸ್ಟಿಚ್. ಅದರ ಹಿಂಬದಿ ಬೇರೆ ಥರ. ಗೋಪುರ, ತೇರು, ಪಲ್ಲಕ್ಕಿ, ತುಳಸಿಕಟ್ಟೆ, ಆನೆ, ನವಿಲು ಎಲ್ಲವೂ ಇದರಲ್ಲೇ. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವ ಪದ್ಧತಿಯೇ ಇಲ್ಲ, ಎಣಿಕೆಯೇ ಎಲ್ಲ. ಗಂಟು ಹಾಕುವ ಹಾಗೂ ಇಲ್ಲ.

ನನಗೆ ಕಲಿಸಿದ ಅಜ್ಜಿ ಮುಂಬದಿ ನೋಡುತ್ತಲೇ ಇರಲಿಲ್ಲ. ಕೊಟ್ಟ ತಕ್ಷಣ ತಿರುಗಿಸಿ, ಹೆಬ್ಬೆರಳು ಸವರಿ ನೋಡುತ್ತಿದ್ದರು. ಬೆರಳಿಗೆ ಏನಾದರೂ ತಡೆದರೆ ಬಿಚ್ಚು ಅಂತ ವಾಪಸ್. ಕಣ್ಣು ಮಂಜಾಗಿತ್ತು, ಬೆರಳು ಮಾತ್ರ ಮಂಜಾಗಿರಲಿಲ್ಲ.

ಅರ್ಧಕ್ಕೆಬಿಟ್ಟವಳು
ಗಂಟು ಇಲ್ಲದೆ ಶುರು ಮಾಡುವುದು ಹೇಗೆ? ನಾನು ಒಂದೆಳೆಯನ್ನು ಮಡಿಚಿ, ಎರಡು ತುದಿ ಸೂಜಿಗೆ ಪೋಣಿಸಿ, ಹಿಂದೆ ಉಳಿದ ಕುಣಿಕೆಯಲ್ಲಿ ಸೂಜಿ ತೂರಿಸಿ ಎಳೆಯುತ್ತೇನೆ. ತಪ್ಪಾ?

ಎಳೆಎಣಿಕೆ
ಫ್ರೇಮಿಗೆ ಸಾಕು. ಎರಡು ಬದಿಯ ಕೆಲಸಕ್ಕೆ ಬೇಡ, ಕುಣಿಕೆ ಸಣ್ಣ ಚುಕ್ಕಿಯಾಗಿ ಕಾಣುತ್ತದೆ. ಒಂದು ಬೆರಳುದ್ದ ಬಾಲ ಬಿಟ್ಟು ಶುರು ಮಾಡಿ. ವಾಪಸ್ ಬಂದಾದ ಮೇಲೆ ಆ ಬಾಲವನ್ನು ಸೂಜಿಗೆ ಪೋಣಿಸಿ, ಹಾಕಿರುವ ಹೊಲಿಗೆಯ ಮೇಲೆಯೇ ಮೂರು ನಾಲ್ಕು ಸಲ ಓಡಿಸಿ, ಎಳೆಯ ನಡುವೆ ಸೇರಿಸಿ ಕತ್ತರಿಸಿ. ಅಲ್ಲಿ ಗೆರೆ ಕೂದಲೆಳೆಯಷ್ಟು ದಪ್ಪ ಆಗುತ್ತದೆ, ಅಷ್ಟೇ.

ಇನ್ನೊಂದು ಗುಟ್ಟು. ವಾಪಸ್ ಬರುವಾಗ ಗೆರೆ ಹಾವಿನ ಹಾಗೆ ಅಂಕುಡೊಂಕು ಆಗುತ್ತದಾ? ಹಳೇ ಹೊಲಿಗೆಯ ಮೇಲ್ಬದಿಯಿಂದ ಸೂಜಿ ಮೇಲೆ ಬರಲಿ, ಕೆಳಬದಿಯಿಂದ ಇಳಿಯಲಿ. ಪ್ರತಿ ಸಲವೂ ಹೀಗೇ. ಒಮ್ಮೆ ಹಾಗೆ ಒಮ್ಮೆ ಹೀಗೆ ಮಾಡಿದರೇ ಡೊಂಕು. ಮತ್ತೆ ಮೊಂಡು ಸೂಜಿ ತಗೊಳ್ಳಿ. ಚೂಪು ಸೂಜಿ ಹಳೇ ದಾರವನ್ನೇ ಸೀಳುತ್ತದೆ.

ಕಾಗದದೋಣಿ
ನಾನು ಕಾಗದದ ಕಡೆಯವಳು, ಸೂಜಿ ಜಾಸ್ತಿ ಗೊತ್ತಿಲ್ಲ. ಆದರೂ ಒಂದು ಮಾತು. ಇದನ್ನು ಕಲಿಯುವುದಕ್ಕೆ ಬಟ್ಟೆ ಯಾಕೆ? ದಪ್ಪ ಕಾರ್ಡ್ ತಗೊಂಡು, ಮೇಲೆ ಗ್ರಾಫ್ ಪೇಪರ್ ಇಟ್ಟು, ಕೆಳಗೆ ಹಳೇ ರಗ್ಗಿನ ತುಂಡು ಹಾಸಿ, ಚುಕ್ಕಿ ಇದ್ದಲ್ಲೆಲ್ಲ ಸೂಜಿಯಿಂದ ಚುಚ್ಚಿ. ತೂತು ಮೊದಲೇ ಇರುವುದರಿಂದ ಎಣಿಸುವ ತಾಪತ್ರಯ ಇಲ್ಲ. ದಾರಿ ಮಾತ್ರ ಯೋಚಿಸಿದರೆ ಸಾಕು. 19ನೇ ಶತಮಾನದಲ್ಲಿ ಇದೇ ದೊಡ್ಡ ಹವ್ಯಾಸ ಆಗಿತ್ತು. ಸಾಲು ಸಾಲಾಗಿ ತೂತು ಹೊಡೆದ ಕಾರ್ಡೇ ಸಿಗುತ್ತಿತ್ತು. ಪುಸ್ತಕದ ಗುರುತುಪಟ್ಟಿ, ಗೋಡೆಗೆ ಹಾಕುವ ನೀತಿವಾಕ್ಯ ಎಲ್ಲಾ ಅದರ ಮೇಲೆ ಉಣ್ಣೆ, ರೇಷ್ಮೆಯಲ್ಲಿ ಹೊಲಿಯುತ್ತಿದ್ದರು.

ಹೋಗುವ ದಾರಿ ನೀಲಿ ಪೆನ್ನಿನಲ್ಲಿ, ಬರುವ ದಾರಿ ಕೆಂಪಿನಲ್ಲಿ ಮೊದಲೇ ಬರೆದುಕೊಳ್ಳಿ. ಒಂದು ಗೆರೆಗೆ ಎರಡು ಬಣ್ಣ ಬಿದ್ದಿಲ್ಲ ಅಂದರೆ ಅಲ್ಲಿ ಹಲ್ಲು ಬೀಳುತ್ತದೆ.

ಅರ್ಧಕ್ಕೆಬಿಟ್ಟವಳು
ಕಾಗದದ ಮೇಲೆ ಹೊಲಿದು ಸುಟ್ಟುಕೊಂಡವಳು ನಾನು. ನನ್ನ ಹೆಸರು ನೋಡಿದರೇ ಗೊತ್ತಾಗುತ್ತದೆ. ಹದಿನಾರು ಅಕ್ಷರದ ಒಂದು ಸಾಲು. ಹದಿನೈದು ಮುಗಿದಿತ್ತು. ಕೊನೆಯ ಅಕ್ಷರದಲ್ಲಿ ಒಂದು ತೂತು ತಪ್ಪಿತು. ಬಿಚ್ಚೋಣ ಅಂತ ದಾರ ಎಳೆದೆ, ಎರಡು ತೂತು ಸೇರಿ ಒಂದಾಯಿತು. ಅದನ್ನು ಸರಿ ಮಾಡಲು ಹೋಗಿ ನಾಲ್ಕು ಸೇರಿ ಕಿಟಕಿಯಾಯಿತು. ಬಟ್ಟೆ ಕ್ಷಮಿಸುತ್ತದೆ, ಕಾಗದ ಕ್ಷಮಿಸುವುದಿಲ್ಲ.

ಕಾಗದದೋಣಿ
ತೂತುಗಳ ನಡುವೆ ಮೂರು ಮಿಲಿಮೀಟರ್ ಆದರೂ ಬಿಡಿ, ದಾರ ಎಳೆಯುವಾಗ ಕಾರ್ಡಿಗೆ ನೇರವಾಗಿ ಮೇಲಕ್ಕೆ ಎಳೆಯಿರಿ. ಓರೆಯಾಗಿ ಎಳೆದರೆ ಗರಗಸದ ಹಾಗೆ ಕೊಯ್ಯುತ್ತದೆ. ಕಿಟಕಿ ಆಗಿಹೋದರೆ ಹಿಂದಿನಿಂದ ತೆಳು ಕಾಗದ ಅಂಟಿಸಿ ಮತ್ತೆ ಚುಚ್ಚಿ.

ಹಳೇಪೆಟ್ಟಿಗೆ
ಚುಚ್ಚುವ ಮಾತು ಬಂತಲ್ಲ, ಅದಕ್ಕೆ ಹೇಳುತ್ತೇನೆ. ಕಸೂತಿ ಮಾದರಿಯ ಪುಸ್ತಕಗಳು ಯುರೋಪಿನಲ್ಲಿ 1520ರ ದಶಕದಿಂದಲೇ ಅಚ್ಚಾಗುತ್ತಿದ್ದವು. ಆದರೆ ಉಳಿದಿರುವ ಪ್ರತಿಗಳು ಬಹಳ ಕಡಿಮೆ. ಯಾಕೆ ಗೊತ್ತಾ? ಬಳಸಿಯೇ ಮುಗಿಸಿದರು. ಪುಟವನ್ನೇ ಬಟ್ಟೆಯ ಮೇಲಿಟ್ಟು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಇದ್ದಿಲ ಪುಡಿ ಉಜ್ಜುತ್ತಿದ್ದರು. ತೂತಿನಲ್ಲಿ ಪುಡಿ ಇಳಿದು ಬಟ್ಟೆಯ ಮೇಲೆ ಚುಕ್ಕಿ ಬೀಳುತ್ತದೆ. ನಾಲ್ಕು ಸಲ ಮಾಡಿದರೆ ಪುಟ ಚಿಂದಿ. ನಮ್ಮಲ್ಲಿ ಜರ್ದೋಸಿ, ಆರಿ ಕೆಲಸದವರು ಇವತ್ತಿಗೂ ಟ್ರೇಸಿಂಗ್ ಪೇಪರ್ ಚುಚ್ಚಿ ಹೀಗೇ ಅಚ್ಚು ಇಳಿಸುತ್ತಾರೆ. ಅದಕ್ಕೆ ಖಾಕಾ ಅನ್ನುತ್ತಾರೆ.

ಹೀಗಾಗಿ ಹಳೇ ಪುಸ್ತಕದ ಪುಟ ಚಿಂದಿಯಾಗಿದ್ದರೆ ನನಗೆ ಬೇಜಾರಾಗುವುದಿಲ್ಲ, ಖುಷಿಯಾಗುತ್ತದೆ. ಯಾರೋ ಹೊಲಿದಿದ್ದಾರೆ ಅಂತ ಅರ್ಥ.

ರಾತ್ರಿಹೊಲಿಗೆ
ಹಾಗಾದರೆ ಪುಸ್ತಕ ಇಲ್ಲದವರು?

ಹಳೇಪೆಟ್ಟಿಗೆ
ಅವರಿಗೆ ಸ್ಯಾಂಪ್ಲರ್. ಒಂದು ಬಟ್ಟೆ ತುಂಡಿನಲ್ಲಿ ಕಂಡ ಕಂಡ ಮಾದರಿಯನ್ನೆಲ್ಲ ಸ್ವಲ್ಪ ಸ್ವಲ್ಪ ಹಾಕಿ ಇಟ್ಟುಕೊಳ್ಳುವುದು. ನಮ್ಮ ಫೋನಿನಲ್ಲಿ ಸ್ಕ್ರೀನ್‌ಶಾಟ್ ತುಂಬಿಕೊಂಡ ಹಾಗೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಜೇನ್ ಬೋಸ್ಟಾಕ್ ಹಾಕಿದ್ದೊಂದಿದೆ, 1598 ಅಂತ ಇಸವಿ ಹೊಲಿದಿದ್ದಾಳೆ. ಇಸವಿ ಹೊಲಿದಿರುವ ಇಂಗ್ಲಿಷ್ ಸ್ಯಾಂಪ್ಲರ್‌ಗಳಲ್ಲಿ ಅದೇ ಎಲ್ಲಕ್ಕಿಂತ ಹಳೆಯದು. ಆಲಿಸ್ ಲೀ ಅನ್ನುವ ಮಗು 1596ರ ನವೆಂಬರಿನಲ್ಲಿ ಹುಟ್ಟಿತು ಅಂತಲೂ ಅದರಲ್ಲೇ ಹೊಲಿದಿದ್ದಾಳೆ. ಪ್ರಾಣಿಗಳು, ಬಳ್ಳಿ, ಅಕ್ಷರ, ಆಮೇಲೆ ಚೌಕ ಚೌಕವಾಗಿ ಜೋಡಿಸಿದ ಮಾದರಿಗಳು.

ಸೂಜಿಮಲ್ಲಿಗೆ
ನನ್ನದಕ್ಕೂ ಹಳೇ ಕಳೆ ಬರಲಿ ಅಂತ ಬಟ್ಟೆಯನ್ನು ಚಹಾ ಡಿಕಾಕ್ಷನ್‌ನಲ್ಲಿ ಅದ್ದೋಣ ಅಂದುಕೊಂಡಿದ್ದೆ. ತೂತು ತೂತಾಗಿ ನೇಯ್ದ ಐಡಾ ಬಟ್ಟೆ, ಡಿಎಂಸಿ ಕಂಪನಿಯ 310ನೇ ನಂಬರಿನ ಕಪ್ಪು ದಾರ. ಸರಿ ಅಲ್ವಾ?

ಹಳೇಪೆಟ್ಟಿಗೆ
ಬೇಡ ಬೇಡ! ಚಹಾದಲ್ಲಿರುವ ಟ್ಯಾನಿನ್ ವರ್ಷಗಳು ಕಳೆದ ಹಾಗೆ ಬಟ್ಟೆಯನ್ನು ದುರ್ಬಲ ಮಾಡುತ್ತದೆ. ಗೋಡೆಗೆ ತಮಾಷೆಗೆ ಆದರೆ ಅದ್ದಿ. ಮೊಮ್ಮಕ್ಕಳಿಗೆ ಉಳಿಯಬೇಕು ಅಂದರೆ ಅದ್ದಬೇಡಿ. ಆ ಕಾಲದಲ್ಲೇ ಇಂಥದ್ದೊಂದು ಅನಾಹುತ ಆಗಿದೆ. ಕಪ್ಪು ರೇಷ್ಮೆಗೆ ಬಣ್ಣ ಹಾಕುತ್ತಿದ್ದದ್ದು ಟ್ಯಾನಿನ್ ಜೊತೆ ಕಬ್ಬಿಣದ ಉಪ್ಪು ಸೇರಿಸಿ. ಆ ಕಬ್ಬಿಣವೇ ಒಳಗಿನಿಂದ ದಾರವನ್ನು ತಿಂದುಹಾಕಿತು. ಎಷ್ಟೋ ಹಳೇ ಬ್ಲ್ಯಾಕ್‌ವರ್ಕ್‌ನಲ್ಲಿ ಇವತ್ತು ದಾರವೇ ಇಲ್ಲ, ಸೂಜಿ ಹೋದ ತೂತುಗಳು ಮಾತ್ರ ಲಿನನ್‌ನಲ್ಲಿ ಉಳಿದಿವೆ. ತೂತು ನೋಡಿಯೇ ಮಾದರಿ ಓದಬೇಕು.

ಮತ್ತೆ ಐಡಾ ಆಗ ಇರಲೇ ಇಲ್ಲ. ಅದು 19ನೇ ಶತಮಾನದ ಕೊನೆಯ ಕಡೆ ಬಂದ ಬಟ್ಟೆ.

ಚುಚ್ಚುಮದ್ದು
ಬಂದರಪ್ಪ ಪೊಲೀಸರು. ಐಡಾ ಇರಲಿಲ್ಲ, ಟ್ಯೂಬ್‌ಲೈಟೂ ಇರಲಿಲ್ಲ, ಕನ್ನಡಕದ ಅಂಗಡಿಯೂ ಇರಲಿಲ್ಲ. ಆಕೆ ಹವ್ಯಾಸಕ್ಕೆ ಮಾಡುತ್ತಿದ್ದಾಳೆ, ಮ್ಯೂಸಿಯಂಗೆ ಅಲ್ಲ. ಐಡಾದಲ್ಲಿ ತೂತು ಕಾಣುತ್ತದೆ, ಹೊಸಬರಿಗೆ ಅದೇ ಒಳ್ಳೆಯದು.

ಹಳೇಪೆಟ್ಟಿಗೆ
ನಾನು ಬೇಡ ಅಂದೆನಾ? ಇರಲಿಲ್ಲ ಅಂದೆ ಅಷ್ಟೇ. ಬಳಸಿ, ಆದರೆ ನಾನೂರು ವರ್ಷ ಹಿಂದಿನ ಹಾಗೇ ಮಾಡಿದ್ದೇನೆ ಅಂತ ಬರೆಯಬೇಡಿ.

ಎಳೆಎಣಿಕೆ
ಐಡಾದಲ್ಲಿ ಹೊಲಿಗೆ ದೊಡ್ಡದಾಗಿ ಬರುತ್ತದೆ. ಕೈ ಕೂತ ಮೇಲೆ ಎಳೆ ಎಣಿಸುವ ಮ್ಯಾಟಿ ಬಟ್ಟೆಗೋ ಲಿನನ್‌ಗೋ ಹೋಗಿ. ಎರಡೆರಡು ಎಳೆಗೆ ಒಂದು ಹೊಲಿಗೆ. ಹಗಲು ಬೆಳಕಿನಲ್ಲಿ ಮಾಡಿ, ಮಡಿಲಲ್ಲಿ ಕಪ್ಪು ಬಟ್ಟೆ ಹಾಸಿಕೊಳ್ಳಿ. ಬಿಳಿ ಬಟ್ಟೆಯ ತೂತು ಎದ್ದು ಕಾಣುತ್ತದೆ.

ರಾತ್ರಿಹೊಲಿಗೆ
ಆಗಿನವರು ಬೇಕು ಅಂತಲೇ ಒಂದು ತಪ್ಪು ಹೊಲಿಯುತ್ತಿದ್ದರಂತೆ, ದೇವರೊಬ್ಬನೇ ಪರಿಪೂರ್ಣ ಅಂತ. ನಾನೂ ಅದನ್ನೇ ಪಾಲಿಸುತ್ತಿದ್ದೇನೆ. ನನ್ನದರಲ್ಲಿ ಮೂವತ್ತು ತಪ್ಪು ಇದೆ.

ಹಳೇಪೆಟ್ಟಿಗೆ
ಹೆಚ್ಚಾಗಿ ಕೌದಿ ಹೊಲಿಯುವವರ ಬಗ್ಗೆ ಹೇಳುವ ಕಥೆ ಅದು. ಆಗಿನವರು ಯಾರೂ ಹಾಗೆ ಬರೆದಿಟ್ಟಿಲ್ಲ. ತಪ್ಪು ತಾನಾಗೇ ಆಗುತ್ತದೆ, ಬೇಕಂತ ಮಾಡುವ ಅಗತ್ಯ ಯಾರಿಗಿದೆ?

ಆದರೆ ಹಿಂಬದಿಯ ಬಗ್ಗೆ ಒಂದು ನಿಜ ಹೇಳುತ್ತೇನೆ. ಹಳೇ ಸ್ಯಾಂಪ್ಲರ್‌ಗಳನ್ನು ತಿರುಗಿಸಿದರೆ ಎಷ್ಟೋ ಕಡೆ ಗಂಟು, ಹಾರಿಸಿದ ದಾರ ಎಲ್ಲಾ ಇದೆ. ಎಲ್ಲರೂ ನಿಮ್ಮ ಅಜ್ಜಿಯಷ್ಟು ಕಟ್ಟುನಿಟ್ಟಾಗಿರಲಿಲ್ಲ, ಎಳೆಎಣಿಕೆ ಅವರೇ. ಮ್ಯೂಸಿಯಂನವರಿಗೆ ಆ ಹಿಂಬದಿಯೇ ಚಿನ್ನ. ಮುಂಬದಿ ಬೆಳಕು ಬಿದ್ದು ಮಾಸಿರುತ್ತದೆ. ಗೋಡೆ ಕಡೆ ಮುಖ ಮಾಡಿದ್ದ ಹಿಂಬದಿಯಲ್ಲಿ ಮೂಲ ಬಣ್ಣ ಹಾಗೇ ಇರುತ್ತದೆ. ಕಂದು ಬಣ್ಣದ ಎಲೆ ತಿರುಗಿಸಿದರೆ ಪಚ್ಚೆ ಹಸಿರು!

ಸೂಜಿಮಲ್ಲಿಗೆ
ಇದು ಕೇಳಿ ನನ್ನ ಜೇಡರ ಬಲೆಯ ಮೇಲೆ ಸ್ವಲ್ಪ ಗೌರವ ಬಂತು.

ಚುಚ್ಚುಮದ್ದು
ಒಂದು ಪ್ರದರ್ಶನದಲ್ಲಿ ತೀರ್ಪುಗಾರರೊಬ್ಬರು ನನ್ನ ಫ್ರೇಮಿನ ಹಿಂದಿನ ಕಾಗದ ಹರಿದು ನೋಡಿ ಅಂಕ ಕಡಿಮೆ ಮಾಡಿದರು. ಕ್ರಾಸ್ ಸ್ಟಿಚ್ ರೀ ಅದು! ಅವತ್ತಿನಿಂದ ನನಗೆ ಹಿಂಬದಿ ಅಂದರೆ ಆಗುವುದಿಲ್ಲ. ಈಗ ಗೊತ್ತಾಯಿತಾ ಮೊದಲ ಉತ್ತರ ಯಾಕೆ ಹಾಗೆ ಕೊಟ್ಟೆ ಅಂತ?

ಎಳೆಎಣಿಕೆ
ಅಯ್ಯೋ, ಅದು ಅನ್ಯಾಯ. ಮೆಂತಿಯ ಹಿಂಬದಿ ನೋಡಿ ಗವಂತಿಯ ಅಂಕ ಕೊಟ್ಟ ಹಾಗಾಯಿತು.

ಕಾಗದದೋಣಿ
ವಿಷಯ ಬಿಟ್ಟು ಹೋಗುತ್ತಿದ್ದೇನೆ, ಕ್ಷಮಿಸಿ. ಹಳೇ ಕಾಗದದ ಕೆಲಸ ಯಾರಾದರೂ ಮಾಡುತ್ತೀರಾ? ಕ್ವಿಲ್ಲಿಂಗ್ ಇತ್ತೀಚಿನದು ಅಂತ ಎಲ್ಲರೂ ತಿಳಿದಿದ್ದಾರೆ. 18ನೇ ಶತಮಾನದಲ್ಲೇ ಇಂಗ್ಲೆಂಡಿನ ಮನೆಗಳಲ್ಲಿ ಪೆಟ್ಟಿಗೆಗಳ ಮೇಲೆಲ್ಲ ಕಾಗದದ ಸುರುಳಿ ಅಂಟಿಸುತ್ತಿದ್ದರು. ಹಕ್ಕಿಯ ಗರಿಯ ಕಡ್ಡಿಗೆ (ಇಂಗ್ಲಿಷಿನಲ್ಲಿ ಕ್ವಿಲ್) ಸುತ್ತುತ್ತಿದ್ದದ್ದರಿಂದ ಆ ಹೆಸರು ಬಂತು ಅನ್ನುತ್ತಾರೆ.

ನನಗೆ ಇಷ್ಟವಾದವರು ಮೇರಿ ಡೆಲಾನಿ. ಜೀವನವೆಲ್ಲ ಕಸೂತಿ ಹಾಕಿದ ಹೆಂಗಸು. ಗಂಡ ತೀರಿಕೊಂಡ ಮೇಲೆ, 72ರ ಆಸುಪಾಸಿನಲ್ಲಿ, ಬಣ್ಣದ ಕಾಗದ ಕತ್ತರಿಸಿ ಕಪ್ಪು ಹಿನ್ನೆಲೆಯ ಮೇಲೆ ಗಿಡ ಹೂಗಳನ್ನು ಅಂಟಿಸುವುದು ಶುರು ಮಾಡಿದರು. ಸುಮಾರು ಹತ್ತು ವರ್ಷ, ಕಣ್ಣು ಕೈಕೊಡುವ ತನಕ. 985 ಚಿತ್ರ. ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಕೇಸರದ ಕೂದಲೆಳೆಯೂ ಕಾಗದವೇ. ನನ್ನ ಬ್ಲೇಡಿಗೆ ಒಂದು ಎಲೆಯ ನರ ಬರುವುದಿಲ್ಲ.

ಲೆಕ್ಕದಮೇಷ್ಟ್ರು
ಹತ್ತು ವರ್ಷಕ್ಕೆ 985 ಅಂದರೆ ನಾಲ್ಕು ದಿನಕ್ಕೆ ಒಂದಕ್ಕಿಂತ ಸ್ವಲ್ಪ ಜಾಸ್ತಿ.

ಅರ್ಧಕ್ಕೆಬಿಟ್ಟವಳು
ಮೇಷ್ಟ್ರೇ, ನೀವು ಲೆಕ್ಕ ಹಾಕಬೇಡಿ ದಯವಿಟ್ಟು. ನಾಲ್ಕು ವರ್ಷಕ್ಕೆ ಒಂದು ನನ್ನ ಸರಾಸರಿ.

ರಾತ್ರಿಹೊಲಿಗೆ
ಕಟಿಂಗ್ ಮೆಷಿನ್‌ನಲ್ಲಿ ಮಾಡಿದರೆ ಹತ್ತು ನಿಮಿಷ.

ಕಾಗದದೋಣಿ
ಹತ್ತು ನಿಮಿಷದಲ್ಲಿ ಮುಗಿಸಿ ಆಮೇಲೆ ಏನು ಮಾಡುತ್ತೀರಿ? ಮಷಿನ್ ಬೇಡ ಅನ್ನುವುದಿಲ್ಲ, ನನ್ನ ಹತ್ತಿರವೂ ಇದೆ. ಆದರೆ ಕತ್ತರಿ ನಿಲ್ಲಿಸಿ ಕಾಗದ ತಿರುಗಿಸುವುದು ಅಂತ ಒಂದು ಸುಖ ಇದೆ. ಕೈ ತಿರುಗಿಸಬಾರದು, ಕಾಗದ ತಿರುಗಿಸಬೇಕು. ಅದು ಗೊತ್ತಾದ ದಿನ ನನ್ನ ವೃತ್ತಗಳು ವೃತ್ತವಾದವು. ಆಮ್ಲ ಇಲ್ಲದ ಕಾಗದ ಬಳಸಿ ಅಂತಲೂ ಸೇರಿಸುತ್ತೇನೆ. ಮರದ ತಿರುಳಿನ ಅಗ್ಗದ ಕಾಗದ ಹಳದಿಯಾಗಿ ಪುಡಿಯಾಗುತ್ತದೆ. ಆ ತೂತಿನ ಕಾರ್ಡುಗಳಲ್ಲಿ ಎಷ್ಟೋ ಈಗ ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಮುರಿಯುವ ಹಾಗಿವೆ.

ಸೂಜಿಮಲ್ಲಿಗೆ
ವರದಿ ಒಪ್ಪಿಸುತ್ತಿದ್ದೇನೆ. ಕಾಗದದೋಣಿ ಅವರ ಮಾತು ಕೇಳಿ ಹಳೇ ಆಮಂತ್ರಣ ಪತ್ರಿಕೆಯ ದಪ್ಪ ಕಾರ್ಡಿನಲ್ಲಿ ಮೂರು ವಜ್ರ ಚುಚ್ಚಿದೆ. ನೀಲಿ, ಕೆಂಪು ಪೆನ್ನು. ಮೊದಲ ವಜ್ರದ ಗಲ್ಲಿಗೆ ಇಳಿದೆ, ಬಲ ಮೂಲೆ ಮುಟ್ಟಿದೆ. ಎಳೆಎಣಿಕೆ ಅವರು ಹೇಳಿದ ಹಾಗೇ ಮುಂದೆ ಹೋಗುವ ಆಸೆ ಆಯಿತು, ಸೂಜಿ ಅರ್ಧ ತೂರಿಯೂ ಆಗಿತ್ತು. ವಾಪಸ್ ತೆಗೆದೆ. ತಿರುಗಿ ಬಂದೆ. ಮೂರೂ ಮುಗಿಸಿ ಕಾರ್ಡ್ ತಿರುಗಿಸಿದರೆ ಯಾವುದು ಮುಂದೆ ಯಾವುದು ಹಿಂದೆ ಗೊತ್ತಾಗಲಿಲ್ಲ! ಅಚ್ಚಾದ ಅಕ್ಷರ ನೋಡಿ ಗುರುತು ಹಿಡಿಯಬೇಕಾಯಿತು.

ಬಾಲ ಸೇರಿಸಿದ ಜಾಗ ಮಾತ್ರ ಸ್ವಲ್ಪ ದಪ್ಪ. ಹೆಬ್ಬೆರಳಿಗೆ ತಡೆಯುತ್ತದೆ. ಎಳೆಎಣಿಕೆ ಅವರೇ, ಅಜ್ಜಿ ಬಿಚ್ಚು ಅನ್ನುತ್ತಿದ್ದರಾ?

ಎಳೆಎಣಿಕೆ
ಕಾರ್ಡ್ ಅಂತ ಬಿಡುತ್ತಿದ್ದರು. ಬಟ್ಟೆಯಾಗಿದ್ದರೆ ಬಿಚ್ಚು ಅನ್ನುತ್ತಿದ್ದರು.

ಚುಚ್ಚುಮದ್ದು
ಆ ಜೇಡರ ಬಲೆ ಬಾರ್ಡರ್ ಬಿಚ್ಚಬೇಡಿ, ನನಗೆ ಕಳಿಸಿ. ಆ ತೀರ್ಪುಗಾರರಿಗೆ ತೋರಿಸುವುದಿದೆ.